ಹಪ್ಪಳದಂಥ ಕಾಗದದಿಂದ 30 ಪುಸ್ತಕ

ಲಕೋಟೆ ಒಡೆದಾಗ ಮೊದಲು ಬಂದದ್ದು ವಾಸನೆ. ಮಳೆಗಾಲದಲ್ಲಿ ಹಳೇ ಅಟ್ಟ ಹತ್ತಿದರೆ ಬರುತ್ತಲ್ಲ, ಆ ಥರದ್ದು, ಸ್ವಲ್ಪ ಸಿಹಿ ಬೆರೆತದ್ದು. ಆಮೇಲೆ ಮೇಜಿನ ಮೇಲೆ ಕಂದು ಚೂರುಗಳು ಉದುರಿದವು. ಮೊದಲ ಪುಟ ತಿರುವಿದ್ದೇ ತಡ, ಮೂಲೆ ಹಪ್ಪಳದ ಹಾಗೆ ಪಟ್ ಅಂತ ಮುರಿದು ನನ್ನ ಕೈಯಲ್ಲೇ ಉಳಿಯಿತು. ನೂರು ವರ್ಷ ಅಮೆರಿಕದ ಯಾರದೋ ಪೆಟ್ಟಿಗೆಯಲ್ಲಿ ಸುಖವಾಗಿದ್ದ ಪತ್ರಿಕೆಯನ್ನು ಬೆಂಗಳೂರಿಗೆ ತರಿಸಿ ಐದೇ ನಿಮಿಷದಲ್ಲಿ ಹಾಳು ಮಾಡಿದ್ದೆ. ಪತ್ರಿಕೆಗಿಂತ ಅಂಚೆ ಖರ್ಚೇ ಜಾಸ್ತಿ ಆಗಿತ್ತು ಅನ್ನೋದು ಬೇರೆ ಮಾತು.

ಪತ್ರಿಕೆಯ ಹೆಸರು 'ಅಡ್ವೆಂಚರ್'. 1910ರ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಶುರುವಾದದ್ದು. ಇಂಥವನ್ನು ಪಲ್ಪ್ ಪತ್ರಿಕೆ ಅಂತ ಕರೆಯುವುದು ಕಾಗದದ ದೆಸೆಯಿಂದ. 1896ರಲ್ಲಿ ಫ್ರಾಂಕ್ ಮನ್ಸಿ ತನ್ನ 'ಆರ್ಗಸಿ'ಯನ್ನು ತೀರಾ ಅಗ್ಗದ ಮರದ ತಿರುಳಿನ ಕಾಗದದಲ್ಲಿ, ಒಳಗೆ ಬರೀ ಕತೆ ತುಂಬಿ ಅಚ್ಚು ಹಾಕಿಸಿದ. ಲಾಭ ಕಂಡ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಆ ಕಾಗದದಲ್ಲಿ ಮರದ ಲಿಗ್ನಿನ್, ಅಂದರೆ ನಾರುಗಳನ್ನು ಅಂಟಿಸಿ ಹಿಡಿದಿಡುವ ಅಂಶ, ಹಾಗೇ ಉಳಿದಿರುತ್ತದೆ. ವರ್ಷ ಕಳೆದ ಹಾಗೆ ಹುಳಿಯಾಗುತ್ತಾ, ಕಂದಾಗುತ್ತಾ, ಕೊನೆಗೆ ಪುಡಿಯಾಗುತ್ತದೆ. 1920ರ ದಶಕದ ಮೊದಲರ್ಧದಲ್ಲಿ ಈ 'ಅಡ್ವೆಂಚರ್' ತಿಂಗಳಿಗೆ ಮೂರು ಸಂಚಿಕೆ ತರುತ್ತಿತ್ತು, ಒಂದೊಂದೂ ಎರಡು ಕಾಲಮ್ಮಿನ ಸಣ್ಣಕ್ಷರದ ದಪ್ಪ ಪುಸ್ತಕ. ಲೆಕ್ಕ ಹಾಕಿ ನೋಡಿ, ಎಷ್ಟು ಕತೆ! ಅದರಲ್ಲಿ ಪುಸ್ತಕವಾಗಿ ಬಂದದ್ದು ಸ್ವಲ್ಪವೇ. ಉಳಿದದ್ದೆಲ್ಲ ಕಾಗದದ ಜೊತೆಗೇ ಉದುರಿಹೋಗುತ್ತಿತ್ತು.

ಇಂಥ ಹಳೇ ಕತೆಗಳನ್ನು ಹುಡುಕಿ ಮತ್ತೆ ಪುಸ್ತಕ ಮಾಡುವ ಹುಚ್ಚು ನನಗೆ ಹಿಡಿಸಿದ್ದು ಅಮೆರಿಕದ ಲೇಖಕ ಹೆರಾಲ್ಡ್ ಲ್ಯಾಂಬ್. ಅವರ ಖ್ಲಿತ್ ಅನ್ನೋ ಮುದುಕ ಕೊಸಾಕ್‌ನ (ರಷ್ಯ, ಉಕ್ರೇನ್ ಕಡೆಯ ಕುದುರೆ ಸವಾರ ಯೋಧ) ಕತೆಗಳು 1917ರಿಂದ ಇದೇ ಪತ್ರಿಕೆಯಲ್ಲಿ ಬಂದವು. ಅವನು ಅಲೆದೂ ಅಲೆದೂ ಮೊಘಲರ ಕಾಲದ ಹಿಂದೂಸ್ತಾನಕ್ಕೂ ಬರುತ್ತಾನೆ. ಹೊವರ್ಡ್ ಆಂಡ್ರ್ಯೂ ಜೋನ್ಸ್ ಅನ್ನೋ ಲೇಖಕ ಲ್ಯಾಂಬರ ಕತೆಗಳನ್ನು ಹಳೇ ಸಂಚಿಕೆಗಳಿಂದ ಹುಡುಕಿ ತೆಗೆದು, ನೆಬ್ರಾಸ್ಕ ವಿಶ್ವವಿದ್ಯಾಲಯ ಪ್ರೆಸ್‌ನಿಂದ 2006ರಿಂದ ಶುರುಮಾಡಿ ಎಂಟು ಸಂಪುಟ ತಂದರು. ಜೋನ್ಸ್ 2025ರಲ್ಲಿ ತೀರಿಕೊಂಡರು. ಆ ಎಂಟು ಪುಸ್ತಕ ಓದಿದ ಮೇಲೆ ನನಗೆ ಅನಿಸಿದ್ದು ಒಂದೇ: ಒಬ್ಬ ಮನುಷ್ಯ ಪಟ್ಟು ಹಿಡಿದು ಕೂತರೆ ಇಷ್ಟೆಲ್ಲ ಆಗುತ್ತದೆ ಅಂದರೆ, ನಾನು ಒಂದು ಸಣ್ಣ ಪುಸ್ತಕವಾದರೂ ಮಾಡಬಹುದಲ್ವಾ? ಮಾಡಬಹುದು. ಆದರೆ ಒಂದು ಮಳೆಗಾಲದಲ್ಲಿ ಮುಗಿಯುತ್ತೆ ಅಂದುಕೊಂಡದ್ದು ಎರಡು ಮಳೆಗಾಲ ತಿಂದಿತು.

ಲೇಖಕ ಯಾರು ಅನ್ನೋದು ಬೇಗ ತೀರ್ಮಾನವಾಯಿತು. ಇದೇ ಪತ್ರಿಕೆಗೆ ಬರೆಯುತ್ತಿದ್ದ ಆರ್ಥರ್ ಫ್ರೀಲ್. ಬ್ರೆಜಿಲ್ ಮತ್ತು ಪೆರು ಗಡಿಯ ಜಾವರಿ ನದಿ, ಅಲ್ಲಿನ ಕಾಡಿನಲ್ಲಿ ರಬ್ಬರ್ ಹಾಲು ಇಳಿಸುವ ಇಬ್ಬರು ಕೆಲಸಗಾರರು, ಲೊರೆನ್ಸೊ ಮತ್ತು ಪೆದ್ರೊ. ಲೊರೆನ್ಸೊ ಕತೆ ಹೇಳುತ್ತಾ ಹೋಗುತ್ತಾನೆ, ನಾವು ಜಗಲಿಯಲ್ಲಿ ಕೂತು ಕೇಳಿದ ಹಾಗಿರುತ್ತದೆ. ಇವು ಅಮೆರಿಕದಲ್ಲಿ ಕೆಲವು ಮರುಮುದ್ರಣವೂ ಆಗಿವೆ, ನಾನೇನು ಮೊದಲಿಗನಲ್ಲ. ಆದರೆ ನಮ್ಮದು ಸುಳ್ಯದ ಕಡೆ. ಮನೆ ಹಿಂದೆ ರಬ್ಬರ್ ತೋಟ. ನಮ್ಮ ಮರಗಳ ಮೂಲವೂ ಅದೇ ಅಮೆಝಾನ್ ಕಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅನ್ನೋ ಇಂಗ್ಲಿಷಿನವನು ಅಲ್ಲಿಂದ ಸುಮಾರು 70,000 ಬೀಜ ಹಡಗಿನಲ್ಲಿ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ, ಅಲ್ಲಿ ಮೊಳೆತ ಗಿಡಗಳಿಂದಲೇ ಏಷ್ಯಾದ ತೋಟಗಳು ಹುಟ್ಟಿದ್ದು. ಅಮೆಝಾನಿನವರು ಆಗ ಸಣ್ಣ ಕೊಡಲಿಯಲ್ಲಿ ಮರಕ್ಕೆ ಗಾಯ ಮಾಡಿ ಹಾಲು ಹಿಡಿದು, ಹೊಗೆಯ ಮೇಲೆ ಹಿಡಿದ ಕೋಲಿಗೆ ಸುರಿದು ಸುರಿದು ಉಂಡೆ ಕಟ್ಟುತ್ತಿದ್ದರು ಅಂತ ಅಪ್ಪನಿಗೆ ಹೇಳಿದೆ. ಆಸಿಡ್ ಹಾಕಿ ಶೀಟ್ ಹೊಡೆದು ಅಭ್ಯಾಸ ಇರುವ ಅಪ್ಪ ಮುಖ ಹುಳ್ಳಗೆ ಮಾಡಿ, "ಕೊಡಲಿಯಲ್ಲಿ ಹೊಡೆದರೆ ಮರ ಉಳಿಯುತ್ತದಾ?" ಅಂದರು. ಅಷ್ಟಕ್ಕೇ ನಾನು ಫ್ರೀಲನ್ನು ಆರಿಸಿಕೊಂಡೆ ಅಂತ ಬೇಕಾದರೆ ತಿಳಿಯಿರಿ.

ಕಾಪಿರೈಟ್ ಹಕ್ಕಿನ ವಿಚಾರ ಮೊದಲೇ ನೋಡಿಕೊಳ್ಳಬೇಕು, ಆಮೇಲೆ ಅಲ್ಲ. ಅಮೆರಿಕದಲ್ಲಿ ಆ ಕಾಲದ ಪತ್ರಿಕೆ ಪ್ರಕಟವಾಗಿ 95 ವರ್ಷ ತುಂಬಿದ ಮೇಲೆ ಅದು ಎಲ್ಲರ ಸ್ವತ್ತು. ನಮ್ಮಲ್ಲಿ ಲೆಕ್ಕ ಬೇರೆ, ಲೇಖಕ ಸತ್ತ ಮೇಲೆ 60 ವರ್ಷ. ಫ್ರೀಲ್ ಸತ್ತದ್ದು 1959ರಲ್ಲಿ. ಹಾಗಾಗಿ 2020ರಿಂದ ಇಲ್ಲಿ ತೊಂದರೆಯಿಲ್ಲ. ನಾನು ತಗೊಂಡದ್ದು 1920ರ ಆಸುಪಾಸಿನ ಕತೆಗಳು ಮಾತ್ರ, ಎರಡೂ ಲೆಕ್ಕಕ್ಕೆ ಸರಿಹೋಗುವಂಥವು.

ಕೆಲಸದ ಬಹುಪಾಲು ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಜಾಲತಾಣದಲ್ಲಿ ಸಿಕ್ಕ ಸ್ಕ್ಯಾನ್‌ಗಳಿಂದಲೇ ಆಯಿತು. ಸಿಗದ ಒಂದು ಸಂಚಿಕೆಗಾಗಿ ಆ ಹಪ್ಪಳ ತರಿಸಿದ್ದು. ಅದನ್ನು ಸ್ಕ್ಯಾನರ್ ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿದೇ ಹೋಗುತ್ತದೆ. ಹಾಗಾಗಿ ಎರಡು ನಿಘಂಟಿನ ನಡುವೆ ಅರ್ಧ ಮಾತ್ರ ತೆರೆದು, ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ಫೋಟೊ ತೆಗೆದೆ. ಸ್ಕ್ಯಾನ್ ಟೇಲರ್ ಅನ್ನೋ ಉಚಿತ ತಂತ್ರಾಂಶ ಸೊಟ್ಟ ಪುಟವನ್ನು ನೆಟ್ಟಗೆ ಮಾಡುತ್ತದೆ, ಕಂದು ಬಣ್ಣ ತೆಗೆದು ಬಿಳಿ ಕಪ್ಪು ಮಾಡುತ್ತದೆ. ಆಮೇಲೆ ಟೆಸರಾಕ್ಟ್‌ಗೆ ಕೊಟ್ಟರೆ ಚಿತ್ರದಿಂದ ಅಕ್ಷರ ಹೊರಬರುತ್ತದೆ. ಒಂದೇ ಒಂದು ಕಿವಿಮಾತು: ಎರಡು ಕಾಲಮ್ಮನ್ನು ಮೊದಲೇ ಬೇರೆ ಬೇರೆ ಕತ್ತರಿಸಿಬಿಡಿ. ಇಲ್ಲದಿದ್ದರೆ ಎಡಗಡೆಯವನು ದೋಣಿ ಹತ್ತುತ್ತಾನೆ, ಬಲಗಡೆಯವನು ಅದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಾನೆ.

ಇಲ್ಲಿಯವರೆಗೆ ಎಲ್ಲ ಸಲೀಸು. ಅಸಲಿ ಕತೆ ಆಮೇಲೆ.

ಹಳೇ ಅಚ್ಚಿನಲ್ಲಿ ಶಾಯಿ ಸ್ವಲ್ಪ ಹರಡಿದರೆ ಇಂಗ್ಲಿಷಿನ ಟಿ, ಎಚ್ ಎರಡೂ ಒಂದಕ್ಕೊಂದು ಅಂಟಿ ಯಂತ್ರಕ್ಕೆ ಡಿ, ಐ ಅಂತ ಕಾಣುತ್ತವೆ. ಅಂದರೆ ಪುಟಕ್ಕೆ ಐವತ್ತು ಸಲ ಬರುವ 'ದಿ' ಅನ್ನೋ ಪದ ಅಲ್ಲಲ್ಲಿ 'ಡೈ' ಆಗಿಬಿಡುತ್ತದೆ. ಡೈ ನದಿ, ಡೈ ದೋಣಿ, ಡೈ ಮರ. ಕತೆಯ ತುಂಬ ಸಾವೇ ಸಾವು. ಒಂದೊಂದೇ ತಿದ್ದಿ ಬೇಜಾರಾಗಿ, ಒಂದು ರಾತ್ರಿ ಹನ್ನೊಂದು ಗಂಟೆಗೆ 'ಎಲ್ಲವನ್ನೂ ಬದಲಿಸು' ಬಟನ್ ಒತ್ತಿ, ಏನೋ ಸಾಧಿಸಿದವನ ಹಾಗೆ ಮಲಗಿದೆ. ಮಾರನೇ ದಿನ ಓದಿದರೆ ನನ್ನ ಪುಸ್ತಕದಲ್ಲಿ ಯಾರೂ ಸಾಯುತ್ತಲೇ ಇಲ್ಲ! ಗುಂಡು ತಿಂದವನು, ಜ್ವರ ಬಂದವನು, ಎಲ್ಲರೂ ಸಾಯುವ ಜಾಗಕ್ಕೆ ಬಂದು 'ದಿ' ಅಂತ ಹೇಳಿ ನಿಂತುಬಿಟ್ಟಿದ್ದಾರೆ. ಬ್ಯಾಕಪ್ ಇತ್ತಾ? ಇರಲಿಲ್ಲ. ಎಂಟು ಕತೆಗಳಲ್ಲಿ ಸತ್ತವರನ್ನೆಲ್ಲ ಮತ್ತೆ ಹುಡುಕಿ ಹುಡುಕಿ ಸಾಯಿಸಬೇಕಾಯಿತು. ಇದು ಮುಗಿಯಲು ನಾಲ್ಕು ಸಂಜೆ ಹಿಡಿಯಿತು, ಹೆಂಡತಿ ಮಾತ್ರ ಇವತ್ತಿಗೂ ನಗುತ್ತಾಳೆ.

ಲೊರೆನ್ಸೊ ಇನ್ನೊಂದು ತಲೆನೋವು. ಪೋರ್ಚುಗೀಸಿನಲ್ಲಿ ಆ ಹೆಸರಿನ ಸಿ ಅಕ್ಷರಕ್ಕೆ ಕೆಳಗೊಂದು ಬಾಲ ಇರುತ್ತದೆ, ನಮ್ಮ ಒತ್ತಿನ ಹಾಗೆ. ಇಂಗ್ಲಿಷ್ ಮಾತ್ರ ಗೊತ್ತಿರುವ ಯಂತ್ರ ಆ ಬಾಲ ನೋಡಿ ಒಮ್ಮೆ ಜಿ ಅಂದಿತು, ಒಮ್ಮೆ ಕ್ಯೂ ಅಂದಿತು. ಕತೆ ಹೇಳುವವನೇ ಒಂದು ಪುಟದಲ್ಲಿ ಲೊರೆಂಗೊ, ಇನ್ನೊಂದರಲ್ಲಿ ಲೊರೆಂಕೊ. ಒಟ್ಟು ಏಳು ಅವತಾರ ಎಣಿಸಿದೆ. ಈ ಸಲ ಮಾತ್ರ ಬಟನ್ ಮುಟ್ಟಲಿಲ್ಲ. ಪ್ರತಿಯೊಂದನ್ನೂ ಚಿತ್ರದ ಪಕ್ಕ ಇಟ್ಟುಕೊಂಡೇ ತಿದ್ದಿದೆ.

ಅದಕ್ಕಿಂತ ಕಷ್ಟ ತಿದ್ದಬಾರದ್ದನ್ನು ತಿದ್ದದೇ ಇರುವುದು. ಆ ಕಾಲದವರು 'ಟುಡೇ' ಅನ್ನುವುದನ್ನು ನಡುವೆ ಅಡ್ಡಗೆರೆ ಹಾಕಿ ಬರೆಯುತ್ತಿದ್ದರು. ಕಾಲಮ್ ಕಿರಿದು, ಹಾಗಾಗಿ ಸಾಲಿನ ಕೊನೆಯಲ್ಲಿ ಪದ ಒಡೆದಾಗಲೂ ಅದೇ ಅಡ್ಡಗೆರೆ. ಯಾವುದು ಲೇಖಕನದು, ಯಾವುದು ಜಾಗ ಸಾಲದೆ ಅಚ್ಚಿನವನು ಹಾಕಿದ್ದು? ಅದೇ ಪದ ಬೇರೆಲ್ಲಾದರೂ ಸಾಲಿನ ನಡುವೆ ಬಂದಿದೆಯಾ ಅಂತ ಹುಡುಕಿ ಅದನ್ನೇ ಪ್ರಮಾಣ ಅಂತ ಇಟ್ಟುಕೊಳ್ಳಬೇಕು. ಅಚ್ಚಿನ ತಪ್ಪು ಅಂತ ಖಚಿತವಾದರೆ ತಿದ್ದಿದೆ. ವಿಚಿತ್ರವಾಗಿ ಕಂಡಿತು ಅಷ್ಟಕ್ಕೇ ತಿದ್ದಲಿಲ್ಲ. ಲೊರೆನ್ಸೊನ ಇಂಗ್ಲಿಷ್ ಮೊದಲೇ ಸ್ವಲ್ಪ ಬಳುಕುವ ಇಂಗ್ಲಿಷ್, ಪೋರ್ಚುಗೀಸ್ ಬಾಯಿಯದು. ಅದನ್ನು ನೆಟ್ಟಗೆ ಮಾಡಿದರೆ ಅವನೇ ಹೋದ ಹಾಗೆ.

ಕೊನೆಯ ಸುತ್ತಿಗೆ ಒಂದು ಉಪಾಯ ಮಾಡಿದೆ. ಮೊಬೈಲಿಗೆ ನನ್ನ ಪಠ್ಯ ಕೊಟ್ಟು ಗಟ್ಟಿಯಾಗಿ ಓದಿಸುವುದು, ನಾನು ಮೂಲ ಚಿತ್ರದ ಮೇಲೆ ಬೆರಳಿಟ್ಟು ಹೋಗುವುದು. ಕಣ್ಣು ತಾನಾಗಿ ಸರಿಮಾಡಿಕೊಂಡು ಓದುವ ತಪ್ಪು ಕಿವಿಗೆ ತಪ್ಪಿಸಿಕೊಳ್ಳಲಾರದು. ಮೂರು ಸಲ ಓದಿದ ಮೇಲೂ ಇದರಿಂದ ನೂರಕ್ಕೂ ಹೆಚ್ಚು ತಪ್ಪು ಸಿಕ್ಕವು.

ನಾನು ಮುರಿದ ಆ ಮೂಲೆ ನೆನಪಿದೆಯಲ್ಲ? ಅದರಲ್ಲಿ ಆರು ಸಾಲುಗಳ ಕೊನೆಯ ಪದಗಳಿದ್ದವು. ಚೂರು ಸಿಕ್ಕಿತು, ಆದರೆ ಅದೂ ಮೂರಾಗಿತ್ತು, ಒಂದು ಪೂರಾ ಪುಡಿ. ಊಹಿಸಿ ತುಂಬಿಸಬಹುದಿತ್ತು, ವಾಕ್ಯ ಗೊತ್ತಾಗುವ ಹಾಗೇ ಇತ್ತು. ಅದೇ ಸಂಚಿಕೆ ಇರುವ ಹೊರದೇಶದ ಸಂಗ್ರಾಹಕರೊಬ್ಬರಿಗೆ ಪತ್ರ ಬರೆದೆ. ಮೂರು ವಾರಕ್ಕೆ ಫೋಟೊ ಬಂತು. ನಾನು ಊಹಿಸಿದ್ದ ಆರರಲ್ಲಿ ಎರಡು ತಪ್ಪು.

ಬೈಗುಳದ ಪ್ರಶ್ನೆಯೂ ಇತ್ತು. ಕಾಡಿನ ಬುಡಕಟ್ಟಿನವರ ಬಗ್ಗೆ, ಕಪ್ಪುಜನರ ಬಗ್ಗೆ ಆ ಕಾಲದ ಪತ್ರಿಕೆಗಳು ಬಳಸುವ ಪದಗಳನ್ನು ಓದಿದರೆ ಮೈ ಉರಿಯುತ್ತದೆ. ತೆಗೆದುಬಿಡು ಅಂದ ಗೆಳೆಯರಿದ್ದರು. ನಾನು ತೆಗೆಯಲಿಲ್ಲ. ಮುಂದೆ ಒಂದು ಪುಟ ಬರೆದು, ಇದು ಹೀಗಿದೆ, ಇದನ್ನು ನಾನು ಒಪ್ಪುವುದಿಲ್ಲ, ಆದರೆ ಮುಚ್ಚಿಡುವುದೂ ಇಲ್ಲ ಅಂದೆ. ಒಂದು ಕತೆಯನ್ನು ಮಾತ್ರ ಪೂರ್ತಿ ಕೈಬಿಟ್ಟೆ. ಅದರಲ್ಲಿ ಆ ದ್ವೇಷ ಬಿಟ್ಟರೆ ಕತೆಯೇ ಇರಲಿಲ್ಲ.

ಇಷ್ಟು ಕೆಲಸದ ನಡುವೆ ನನಗೆ ಕತೆಗಳಿಗಿಂತ ಇಷ್ಟವಾದದ್ದು, ನಿಜ ಹೇಳಬೇಕೆಂದರೆ, ಪತ್ರಿಕೆಯ ಹಿಂಬದಿಯ 'ಕ್ಯಾಂಪ್ ಫೈರ್' ಅನ್ನೋ ಪತ್ರಗಳ ವಿಭಾಗ. ಸಂಪಾದಕ ಆರ್ಥರ್ ಸಲಿವಂಟ್ ಹಾಫ್‌ಮನ್ 1912ರಿಂದ 1927ರವರೆಗೆ ಪತ್ರಿಕೆ ನಡೆಸಿದ. ಲೇಖಕರು ತಮ್ಮ ಕತೆಯ ಹಿನ್ನೆಲೆಯನ್ನು ಇಲ್ಲಿ ಬರೆಯಬೇಕು, ಓದುಗರು ಅದರಲ್ಲಿ ತಪ್ಪು ಹುಡುಕಬೇಕು. ಹುಡುಕುತ್ತಿದ್ದರು ಕೂಡ, ಬಂದೂಕಿನ ನಳಿಕೆಯ ಅಳತೆವರೆಗೆ! ಪತ್ರಿಕೆ ಓದುಗರಿಗೆ ಒಂದು ಗುರುತಿನ ಚೀಟಿಯನ್ನೂ ಪುಕ್ಕಟೆ ಕೊಡುತ್ತಿತ್ತು. ಅದರಲ್ಲಿ ಒಂದು ನಂಬರ್. ಚೀಟಿ ಇಟ್ಟುಕೊಂಡವನು ಯಾವುದೋ ಪರದೇಶದಲ್ಲಿ ಸತ್ತರೆ, ಸಿಕ್ಕವರು ಆ ನಂಬರನ್ನು ಪತ್ರಿಕೆಗೆ ತಿಳಿಸಿದರೆ, ಪತ್ರಿಕೆಯವರು ಅವನು ಮೊದಲೇ ಬರೆದುಕೊಟ್ಟ ಇಬ್ಬರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಸಾವಿನ ಸುದ್ದಿಯನ್ನು ಮನೆಗೆ ತಲುಪಿಸುವ ಕತೆ ಪತ್ರಿಕೆ! ಈ ಪತ್ರಗಳಲ್ಲಿ ಕೆಲವನ್ನು ಪುಸ್ತಕದ ಕೊನೆಗೆ ಸೇರಿಸಿದೆ, ಹತ್ತು ಪುಟ ಜಾಸ್ತಿಯಾದರೂ ಪರವಾಗಿಲ್ಲ ಅಂತ.

ಮುದ್ರಣದ ಬಗ್ಗೆ ಹೇಳುವಂಥದ್ದು ಕಡಿಮೆ. ಡೆಮಿ 1/8, ತಿಳಿಹಳದಿ 80 ಜಿಎಸ್‌ಎಮ್ ಕಾಗದ, 212 ಪುಟ, 30 ಪ್ರತಿ. ಮೊದಲ ಮುದ್ರಕರು ಕಡತವನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು ಅಕ್ಷರಶೈಲಿಯನ್ನೇ ಬದಲಿಸಿ, ಬಾಲದ ಸಿ ಇದ್ದಲ್ಲೆಲ್ಲ ಸಣ್ಣ ಚೌಕ ಬರುವ ಹಾಗೆ ಮಾಡಿಟ್ಟಿದ್ದರು. ಮಾದರಿ ಪ್ರತಿ ನೋಡದೆ ಒಪ್ಪಬೇಡಿ. ಪಿಡಿಎಫ್ ಒಳಗೇ ಅಕ್ಷರಶೈಲಿ ಸೇರಿಸಿ ಕೊಡಿ.

ಇದೇ ಕೆಲಸ ಹಳೇ ಕನ್ನಡ ಪತ್ತೇದಾರಿ ಕಾದಂಬರಿಗೆ ಯಾಕೆ ಮಾಡಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಅಜ್ಜನ ಪೆಟ್ಟಿಗೆಯಲ್ಲಿದ್ದ, ಮುಖಪುಟ ಹರಿದ ಒಂದು ಪುಸ್ತಕದ ಹತ್ತು ಪುಟ ಹಾಕಿ ನೋಡಿದೆ. ಸವೆದ ಮೊಳೆಯ ಅಚ್ಚು. ಪ ಮತ್ತು ವ ಒಂದೇ, ಸೊನ್ನೆ ಮತ್ತು ರ ಒಂದೇ, ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಹಾಳು. ಅಲ್ಲಿ ಯಂತ್ರಕ್ಕಿಂತ ಕೈಯಲ್ಲಿ ಟೈಪ್ ಮಾಡುವುದೇ ಬೇಗ. ದಿನಕ್ಕೆ ಎರಡು ಪುಟದ ಹಾಗೆ ಶುರು ಮಾಡಿದ್ದೇನೆ, ಸದ್ಯ 34ನೇ ಪುಟದಲ್ಲಿದ್ದೇನೆ. ಪತ್ತೇದಾರ ಇನ್ನೂ ಕಾಫಿ ಕುಡಿಯುತ್ತಿದ್ದಾನೆ.

ಫ್ರೀಲ್ ಪುಸ್ತಕದ ಮೊದಲ ಪ್ರತಿಯನ್ನು ಸುಳ್ಯಕ್ಕೆ ತಗೊಂಡು ಹೋದೆ. ಅಪ್ಪ ಕನ್ನಡಕ ಹಾಕಿಕೊಂಡು ಮುಖಪುಟದ ದೋಣಿ ನೋಡಿದರು, ಬೆಲೆ ಎಲ್ಲಿ ಅಂತ ಹುಡುಕಿದರು. ತಂಗಿ ಮಗ, ಕಾಲೇಜು ಹುಡುಗ, ಅವತ್ತು ರಾತ್ರಿಯೇ ಓದಲು ಕೂತ. ಬೆಳಗ್ಗೆ ಕಾಫಿ ಹೊತ್ತಿಗೆ ಬಂದು 97ನೇ ಪುಟ ತೆರೆದು ಹಿಡಿದ. "ಮಾವಾ, ಇವನು ಏನು ಮಾಡ್ತಾನೆ ಇಲ್ಲಿ?" ನೋಡಿದೆ. ಕಾಡಿನಲ್ಲಿ ಗಾಯಗೊಂಡು ಬಿದ್ದ ಒಬ್ಬ, ನಾಲ್ಕು ಸಂಜೆ ಹುಡುಕಿದರೂ ನನ್ನ ಕಣ್ಣು ತಪ್ಪಿಸಿಕೊಂಡವನು, ಇನ್ನೂ 'ದಿ' ಅಂತಲೇ ನಿಂತಿದ್ದಾನೆ. ಬೆಂಗಳೂರಿಗೆ ವಾಪಸ್ ಬಂದು ಉಳಿದ 29 ಪ್ರತಿಗಳಲ್ಲೂ ಕಪ್ಪು ಪೆನ್ನಿನಿಂದ ಒಬ್ಬೊಬ್ಬನನ್ನೇ ಸಾಯಿಸಿದೆ. ಅಪ್ಪನ ಪ್ರತಿಯಲ್ಲಿ ಮಾತ್ರ ಅವನು ಬದುಕಿದ್ದಾನೆ.