ಕಿವಿಯ ಗುಳಿಗೆ ಬಿಡಿ, ಮರಿಯ ಗೋದಲಿ ನೋಡಿ

ಬಕ್ರೀದ್ ಮೂರು ತಿಂಗಳು ಇರುವಾಗಲೇ ಅಮೀನಗಡದ ಸಂತೆಯಿಂದ ಟಗರು ಮರಿ ತಂದು ಮೇಯಿಸುವವರು ಬಾಗಲಕೋಟೆ ಸುತ್ತ ಬಹಳ ಮಂದಿ ಇದ್ದಾರೆ. ಅಮೆರಿಕದಲ್ಲಿ ಮರಿಯ ಕಿವಿಯ ಚರ್ಮದಡಿ ಗುಳಿಗೆ ಇಟ್ಟು ಬೇಗ ಬೆಳೆಸುತ್ತಾರಂತೆ, ನಾವೂ ಇಡಬಹುದಾ ಅಂತ ಅವರಲ್ಲಿ ಕೆಲವರು ಕೇಳುತ್ತಾರೆ.

ಗುಳಿಗೆ ಇರುವುದು ನಿಜ. ಅದರಲ್ಲಿ ಝೆರನಾಲ್ ಎಂಬ, ಹಾರ್ಮೋನಿನಂತೆ ಕೆಲಸ ಮಾಡುವ ವಸ್ತು ಇರುತ್ತದೆ. ಕುರಿಮರಿಗೆ 12 ಮಿಲಿಗ್ರಾಂ. ಮೈಯಲ್ಲಿ ಮಾಂಸ ಕೂಡುವುದನ್ನು ಅದು ಚುರುಕು ಮಾಡುತ್ತದೆ. ಆದರೆ ಮಾಂಸ ಆಗಬೇಕಾದದ್ದು ತಿಂದ ಮೇವಿನಿಂದಲೇ ಅಲ್ವಾ? ತಿಂದದ್ದರಲ್ಲಿ ಮೊದಲ ಪಾಲು ಓಡಾಟಕ್ಕೆ, ಮೈ ಬೆಚ್ಚಗಿಡುವುದಕ್ಕೆ ಹೋಗುತ್ತದೆ. ಮಿಕ್ಕಿದ್ದಷ್ಟೇ ತೂಕವಾಗುತ್ತದೆ. ಅರೆಹೊಟ್ಟೆಯ ಮರಿಯಲ್ಲಿ ಮಿಕ್ಕುವುದೇ ಇಲ್ಲ, ಗುಳಿಗೆ ಏನು ಮಾಡೀತು? ಯುರೋಪ್ ಒಕ್ಕೂಟ ಇಂಥ ಹಾರ್ಮೋನುಗಳನ್ನು 1980ರ ದಶಕದಲ್ಲೇ ನಿಷೇಧಿಸಿದೆ. ಸಂತೆಯಲ್ಲಿ ಯಾರೋ ಕೊಡುವ ಹೆಸರಿಲ್ಲದ ಇಂಜೆಕ್ಷನ್ ಅಂತೂ ಬೇಡವೇ ಬೇಡ.

ಹಾಗಾದರೆ ಏನು ಮಾಡಬೇಕು?

ಹಾಲು ಬಿಟ್ಟ, ಮೂರು ತಿಂಗಳು ದಾಟಿದ, 12ರಿಂದ 15 ಕಿಲೋ ತೂಗುವ ಮರಿ ಆರಿಸಿ. ತಂದ ಕೂಡಲೇ ಹಳೆಯ ಹಿಂಡಿನಲ್ಲಿ ಬಿಡಬೇಡಿ, ಬೇರೆ ಕಟ್ಟಿ. ಪಶು ವೈದ್ಯರನ್ನು ಕೇಳಿ ಜಂತಿನ ಔಷಧ ಕುಡಿಸಿ, ಕರುಳುಬೇನೆಯ ಲಸಿಕೆ ಹಾಕಿಸಿ. ಈ ಲಸಿಕೆ ತಪ್ಪಿಸಬಾರದು. ಕಾಳು ಚೆನ್ನಾಗಿ ತಿಂದು ಮೈತುಂಬಿದ ಮರಿಯೇ ಈ ಬೇನೆಗೆ ಮೊದಲು ಸಿಗುವುದು. ರಾತ್ರಿ ನೆಟ್ಟಗಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ.

ಇನ್ನು ದಾಣಿ, ಅಂದರೆ ಕಾಳು ಹಿಂಡಿಯ ಮಿಶ್ರಣ. 10 ಕಿಲೋ ಮಾಡಲು ನುಚ್ಚಿದ ಗೋವಿನಜೋಳ 5 ಕಿಲೋ, ಶೇಂಗಾ ಹಿಂಡಿ ಎರಡೂವರೆ ಕಿಲೋ, ತೌಡು ಅಥವಾ ತೊಗರಿ ಚುನ್ನಿ 2 ಕಿಲೋ 200 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಬೂಸು ಹಿಡಿದ ಹಿಂಡಿ ಎಷ್ಟೇ ಅಗ್ಗವಿದ್ದರೂ ತರಬೇಡಿ, ಅದು ಮರಿಯ ಈಲಿ (ಲಿವರ್) ಕೆಡಿಸುತ್ತದೆ.

ಎಷ್ಟು ಹಾಕಬೇಕು ಎನ್ನುವುದರಲ್ಲೇ ಎಲ್ಲ ಇದೆ. ಮರಿಗೆ ದಿನಕ್ಕೆ ಮೈತೂಕದ ಸುಮಾರು ಶೇ 4ರಷ್ಟು ಒಣ ಲೆಕ್ಕದ, ಅಂದರೆ ನೀರಿನಂಶ ಬಿಟ್ಟು ತೂಗಿದ ಆಹಾರ ಬೇಕು. 15 ಕಿಲೋ ಮರಿಗೆ 600 ಗ್ರಾಂ ಆಯಿತು. ದಾಣಿಯನ್ನು ಮೊದಲ ದಿನ 50 ಗ್ರಾಂ, ಅಂದರೆ ಒಂದು ಹಿಡಿ ಮಾತ್ರ ಕೊಡಿ. ಎರಡು ಮೂರು ದಿನಕ್ಕೊಮ್ಮೆ ಇನ್ನೊಂದಿಷ್ಟು ಏರಿಸುತ್ತಾ ಎರಡು ವಾರದಲ್ಲಿ 250 ಗ್ರಾಂಗೆ ತನ್ನಿ, ಎರಡು ಹೊತ್ತು ಹಂಚಿ ಹಾಕಿ. ಉಳಿದದ್ದಕ್ಕೆ ತೊಗರಿ ಹೊಟ್ಟು, ಶೇಂಗಾ ಬಳ್ಳಿ, ಸಿಕ್ಕರೆ ಹಸಿ ಮೇವು. ಬೇಗ ದಪ್ಪ ಆಗಲಿ ಅಂತ ಒಮ್ಮೆಲೇ ಬುಟ್ಟಿಗಟ್ಟಲೆ ಕಾಳು ಸುರಿದರೆ ಹೊಟ್ಟೆಯೊಳಗೆ ಆಮ್ಲ ಏರುತ್ತದೆ. ಮರಿ ಹಲ್ಲು ಕಡಿಯುತ್ತದೆ, ಮೇವು ಬಿಡುತ್ತದೆ, ಹುಳಿ ವಾಸನೆಯ ತೆಳ್ಳನೆ ಭೇದಿ ಶುರುವಾಗುತ್ತದೆ. ಆಗ ಕಾಳು ನಿಲ್ಲಿಸಿ, ಒಣ ಹೊಟ್ಟು ಮಾತ್ರ ಇಟ್ಟು ವೈದ್ಯರನ್ನು ಕರೆಯಿರಿ. ಕಾಳು ಜಾಸ್ತಿಯಾದ ಗಂಡು ಮರಿಗೆ ಮೂತ್ರದಲ್ಲಿ ಕಲ್ಲು ಕಟ್ಟುವುದೂ ಉಂಟು. ಹಗಲೂ ರಾತ್ರಿ ನೀರು ಇರಲಿ.

ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಮೇವು ಹಾಕುವ ಮುಂಚೆ ತೂಗಿ ಬರೆದಿಡಿ. ದಿನಕ್ಕೆ 100ರಿಂದ 150 ಗ್ರಾಂ ಏರುತ್ತಿದ್ದರೆ ಸರಿ ಇದೆ. ತೂಕ ಏರಿದಂತೆ ದಾಣಿಯನ್ನೂ 300 ಗ್ರಾಂವರೆಗೆ ಏರಿಸಿ. ಮರಿ ತಂದು ಮೂರು ತಿಂಗಳಾಗುವ ಹೊತ್ತಿಗೆ ಅದರ ಸೊಂಟದ ಮೇಲೆ ಕೈಯಿಟ್ಟು ನೋಡಿ. ಬೆನ್ನೆಲುಬಿನ ಮೊನೆ ಒತ್ತಿದರಷ್ಟೇ ಸಿಗುವಂತಿದ್ದರೆ ಸಂತೆಗೆ ಹೊಡೆಯಬಹುದು. ಆಮೇಲೂ ಕಟ್ಟಿ ಮೇಯಿಸಿದರೆ ಕೂಡುವುದು ಹೆಚ್ಚಾಗಿ ಕೊಬ್ಬು, ಹಿಂಡಿಯ ಖರ್ಚೂ ಹುಟ್ಟುವುದಿಲ್ಲ.