ಭೂಸಂಧಿ, ಜಲಸಂಧಿ: ಪರಾತದಲ್ಲಿ ಮಣ್ಣಿಟ್ಟು ಕಲಿಸಿ

ಕಲಬುರಗಿಯಲ್ಲಿ ಸಮುದ್ರ ನೋಡದ ಮಕ್ಕಳೇ ಹೆಚ್ಚು. ‘ಮೂರು ಕಡೆ ನೀರು, ಒಂದು ಕಡೆ ನೆಲ’ ಎಂದು ಹತ್ತು ಸಲ ಬರೆಸಿದರೆ ಪರ್ಯಾಯ ದ್ವೀಪ ಬಾಯಿಗೆ ಬರುತ್ತದೆ, ಕಣ್ಣಿಗೆ ಕಟ್ಟುವುದಿಲ್ಲ. ಅಡುಗೆಮನೆಯ ಅಗಲವಾದ ಪರಾತವೊಂದನ್ನು ಕೆಳಗಿಳಿಸಿ.

ಮೊದಲು ಮಣ್ಣು. ಹೊಲದ ಎರೆ ಮಣ್ಣು ಬೇಡ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕೆಂಪು ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಅಂಗಡಿಯ ಥರ್ಮಾಕೋಲ್ ಮಾದರಿಯನ್ನಂತೂ ತರಲೇಬೇಡಿ. ನೀಲಿ ಬಣ್ಣ ಬಳಿದ ನದಿ ಹರಿಯುವುದಿಲ್ಲ.

ಬೆಟ್ಟ, ಕಣಿವೆ, ತಲೆ ಚಪ್ಪಟೆಯಾದ ಪ್ರಸ್ಥಭೂಮಿಯನ್ನು ಮಕ್ಕಳೇ ಮಾಡುತ್ತಾರೆ. ನಡುಗಡ್ಡೆಗೆ ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣೆಯ ನಡುವೆ ಇರುವ ನೀಲಕಂಠರಾಯನ ಗಡ್ಡಿಯ ಹೆಸರು ಹೇಳಿದರೆ ಸಾಕು.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಎರಡು ದೊಡ್ಡ ಮಣ್ಣಿನ ಮುದ್ದೆಗಳನ್ನು ಪರಾತದ ಎರಡೂ ಅಂಚಿಗೆ ಒತ್ತಿ, ನಡುವೆ ಬೆರಳಗಲದ ಮಣ್ಣಿನ ದಾರಿ ಕಟ್ಟಿ. ದಾರಿಯ ಎರಡೂ ಬದಿಗೆ ನೀರು ನಿಧಾನವಾಗಿ ಸುರಿಯಿರಿ. ರಭಸದಿಂದ ಸುರಿದರೆ ದಾರಿ ಕೊಚ್ಚಿಹೋಗುತ್ತದೆ. ನೆಲಕ್ಕೆ ನೆಲವನ್ನು ಸೇರಿಸಿದ ಈ ದಾರಿಯೇ ಭೂಸಂಧಿ. ಉತ್ತರ ಮತ್ತು ದಕ್ಷಿಣ ಅಮೆರಿಕಗಳನ್ನು ಸೇರಿಸುವ ಪನಾಮಾ ಇಂಥದ್ದು. ಈಗ ಚಮಚದಿಂದ ದಾರಿಯನ್ನು ನಡುವೆ ಕಡಿಯಿರಿ. ಎರಡೂ ಬದಿಯ ನೀರು ಕೂಡಿತು. ಬಂಗಾಳ ಕೊಲ್ಲಿಯನ್ನು ಪಾಕ್ ಕೊಲ್ಲಿಗೆ ಸೇರಿಸುವ ಪಾಕ್ ಜಲಸಂಧಿಯ ರೂಪ ಇದು. ಸಂಧಿ ಎಂದರೆ ಕೂಡುವುದು. ಕೂಡುತ್ತಿರುವುದು ಯಾವುದು ಎಂಬುದನ್ನು ಹೆಸರಿನ ಮೊದಲ ಭಾಗವೇ ಹೇಳುತ್ತದೆ. ಆದರೆ ಪನಾಮಾದಲ್ಲಿ ಮನುಷ್ಯರು ಅಗೆದು 1914ರಲ್ಲಿ ತೆರೆದದ್ದು ಕಾಲುವೆ, ಅದನ್ನು ಜಲಸಂಧಿ ಎನ್ನಬಾರದು. ಮಗು ತಾನೇ ಕಟ್ಟಿ, ತಾನೇ ಕಡಿಯುವವರೆಗೆ ಮುಂದಕ್ಕೆ ಹೋಗಬೇಡಿ.

ಕೊನೆಗೆ ನದಿ. ನೀರು ಚೆಲ್ಲಿ, ಪರಾತದ ಪಶ್ಚಿಮದ ಅಂಚಿನ ಕೆಳಗೆ ಇಟ್ಟಿಗೆಯ ಚೂರಿಡಿ. ಮಣ್ಣನ್ನು ಹರಡಿ, ಬೆರಳಿನಿಂದ ಗೀರಿ ಕಾಗಿಣೆಯನ್ನು ಭೀಮೆಗೆ, ಭೀಮೆಯನ್ನು ಕೃಷ್ಣೆಗೆ ಕೂಡಿಸಿ. ಬಂದು ಸೇರುವುದು ಉಪನದಿ. ಸಮುದ್ರದ ಹತ್ತಿರ ಕೃಷ್ಣೆಯಿಂದ ಒಡೆದು ಹೋಗುವುದು ಕವಲು ನದಿ. ಎಡದಂಡೆ, ಬಲದಂಡೆಗಳನ್ನು ನಕ್ಷೆಯಲ್ಲಿ ತೋರಿಸುವುದು ಬೇಡ. ಇಟ್ಟಿಗೆಯ ಕಡೆ ಮಗುವನ್ನು ಕೂರಿಸಿ, ಹರಿವಿನ ದಿಕ್ಕಿಗೆ ಮುಖ ಮಾಡಿಸಿ. ಸುರಪುರ, ಶಹಾಪುರದ ಹೊಲಗಳಿಗೆ ನೀರು ತರುವ ನಾರಾಯಣಪುರ ಎಡದಂಡೆ ಕಾಲುವೆ ಯಾವ ಬದಿಗೆ ಎಂದು ಕೇಳಿದರೆ, ಅದು ಎಡಗೈಯನ್ನೇ ಎತ್ತುತ್ತದೆ.