ಮಿಲಿಮೀಟರ್ ಬಿಟ್ಟು ಇಂಚಿಗೆ ಬಂದ ಮೇಲೆ

ಕೊಡಗಿನ ನಮ್ಮ ಕಾಲೇಜಿನ ವಿಜ್ಞಾನ ಉಪನ್ಯಾಸಕ್ಕೆ ಕಾಫಿ ತೋಟದವರು ಕೆಲಸ ಬಿಟ್ಟು ಬಂದು ಕೂರುತ್ತಾರೆ ಅಂದ್ರೆ ಬೇರೆ ಕಾಲೇಜಿನ ಗೆಳೆಯರು ಮೊದಮೊದಲು ನಗುತ್ತಿದ್ದರು. 'ಬಾಟ್ಲಿ ಮೇಡಂ' ಅಂತ ನನಗೊಂದು ಹೆಸರೂ ಇಟ್ಟಿದ್ದರು. ಕಳೆದ ಸಲ ಕುರ್ಚಿ ಸಾಲದೆ ಪಕ್ಕದ ಕ್ಲಾಸಿನಿಂದ ಬೆಂಚು ಹೊತ್ತು ತರಬೇಕಾಯಿತು. ಹೊತ್ತವರಲ್ಲಿ ಆ ಹೆಸರಿಟ್ಟವರೂ ಒಬ್ಬರು.

ಮೊದಲು ಸೋತ ಕಥೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದ ಮೇಲೆ ನಾವೂ ಪರಿಸರ ಉಪನ್ಯಾಸಮಾಲೆ ಶುರು ಮಾಡಿದೆವು. ಮೈಸೂರಿನಿಂದ ಟ್ಯಾಕ್ಸಿ, ಗೌರವಧನ, ಶಾಲು, ಹಾರ, ಬ್ಯಾನರ್, ಟೀ ಬಿಸ್ಕತ್ತು ಎಲ್ಲ ಸೇರಿ ಒಂದಕ್ಕೆ ಹತ್ತು ಹನ್ನೆರಡು ಸಾವಿರ ಆಗುತ್ತಿತ್ತು. ನಾಲ್ಕು ಮಾಡಿದೆವು. ಮೂರು ಗಂಟೆಯ ಕಾರ್ಯಕ್ರಮ ಮೂರೂವರೆಗೆ ಶುರು. ನಾಲ್ಕರ ಬಸ್ಸು ತಪ್ಪಿದರೆ ಒಳಗಿನ ಊರುಗಳ ಮಕ್ಕಳಿಗೆ ಬೇರೆ ಬಸ್ಸಿಲ್ಲ. ಪರದೆಯ ಮೇಲೆ ಹಿಮಕರಡಿ ಬರುವ ಹೊತ್ತಿಗೆ ಅರ್ಧ ಹಾಲ್ ಖಾಲಿ. ಹಿಮಕರಡಿ ತಪ್ಪೇನಲ್ಲ, ಆದರೆ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಣ್ಣೆ) ಜಾರಿದೆ ಅಂತ ನಿದ್ದೆಗೆಟ್ಟು ಬಂದ ಹುಡುಗನಿಗೆ ಅದನ್ನು ಕಟ್ಟಿಕೊಂಡು ಏನಾಗಬೇಕು?

ಮುಂದಿನ ವರ್ಷ ದುಡ್ಡಿಲ್ಲ ಅಂದರು. ಒಳ್ಳೆಯದೇ ಆಯಿತು. ಎರಡು ಲೀಟರಿನ ಸೋಡಾ ಬಾಟ್ಲಿಯ ತಲೆ ಕತ್ತರಿಸಿ, ಅದನ್ನೇ ಲಾಳಿಕೆಯಂತೆ ಬೋರಲಾಗಿ ಕೂರಿಸಿ ಮಳೆಮಾಪಕ ಮಾಡಿದೆವು. ಒಂದಕ್ಕೆ ಐವತ್ತು ಅರವತ್ತು ರೂಪಾಯಿ ಬಿತ್ತು. ಇಪ್ಪತ್ತು ಮಕ್ಕಳ ಮನೆಯಲ್ಲಿ ಇಟ್ಟೆವು. ಜುಲೈ ಮುಗಿಯುವಾಗ ಉಳಿದದ್ದು ಏಳೋ ಎಂಟೋ.

ಎರಡನ್ನು ಕೋತಿ ಒಯ್ದಿತು. ಒಬ್ಬಳು ಸೂರಿನ ಕೆಳಗೇ ಇಟ್ಟಿದ್ದಳು, ಹೆಂಚಿನ ನೀರೆಲ್ಲ ಬಾಟ್ಲಿಗೇ. ಸೊಂಟ ಸಣ್ಣಗಿರುವ ಬಾಟ್ಲಿ ತಂದದ್ದು ನನ್ನದೇ ತಪ್ಪು. ಸ್ಕೇಲ್ ಹಿಡಿದು ಅಳೆದರೆ ಸೊಂಟದ ಹತ್ತಿರ ಲೆಕ್ಕ ಕೆಡುತ್ತದೆ. ಆಮೇಲೆ ಸ್ಕೇಲ್ ಬಿಟ್ಟು ಅಳತೆ ಜಾಡಿಗೆ ಬಂದೆವು. ನಮ್ಮ ಬಾಟ್ಲಿಯ ಬಾಯಿಗೆ ಒಂದು ಇಂಚು ಮಳೆ ಅಂದ್ರೆ ಹೆಚ್ಚುಕಮ್ಮಿ 220 ಮಿ.ಲೀ. ನೀರು. ಭಾಗಮಂಡಲ ಕಡೆಯ ಹುಡುಗನದು ಒಂದೇ ರಾತ್ರಿಯಲ್ಲಿ ತುಂಬಿ ಹರಿಯಿತು. ಎಷ್ಟು ಹೊರಗೆ ಹೋಯಿತೋ ದೇವರಿಗೇ ಗೊತ್ತು. ಈಗ ಆ ಕಡೆಯವರು ಬಾಟ್ಲಿಯನ್ನು ಬಕೆಟ್ಟಿನೊಳಗೆ ಇಡುತ್ತಾರೆ, ಚೆಲ್ಲಿದ್ದನ್ನೂ ಅಳೆಯುತ್ತಾರೆ. ಬಕೆಟ್ಟಿಗೆ ನೇರವಾಗಿ ಮಳೆ ಬೀಳದಂತೆ ಬಾಟ್ಲಿಯ ಸುತ್ತ ಮುಚ್ಚಳ ಬೇಕು.

ಎಲ್ಲಕ್ಕಿಂತ ದೊಡ್ಡ ತಲೆನೋವು ಸುಳ್ಳು ಲೆಕ್ಕ. ಭಾನುವಾರ ರಾತ್ರಿ ಕೂತು ವಾರದ್ದೆಲ್ಲ ಒಟ್ಟಿಗೆ ಬರೆಯುವುದು. ಒಬ್ಬ ಆರು ದಿನ 25 ಮಿ.ಮೀ. ಬರೆದಿದ್ದ, ಏಳನೆಯ ದಿನ ಅನುಮಾನ ಬಾರದಿರಲಿ ಅಂತ 26! ಸುಳ್ಳು ಹಿಡಿಯಲು ನನ್ನದೊಂದು ದಾರಿ ಇದೆ. ಇಲ್ಲಿ ಬರೆಯಲಾರೆ, ನಮ್ಮ ಮಕ್ಕಳೂ ಇದನ್ನು ಓದುತ್ತಾರೆ.

ಈಗ ಮುಖ್ಯ ವಿಷಯ. ಆ ವರ್ಷ ಪೋಷಕರ ಸಭೆಯ ಕೊನೆಯಲ್ಲಿ ಹತ್ತು ನಿಮಿಷ ಕೇಳಿ ಪಡೆದು ಒಬ್ಬ ವಿದ್ಯಾರ್ಥಿನಿಯನ್ನು ನಿಲ್ಲಿಸಿದೆ. ಪಾಪ, ಕೈ ನಡುಗುತ್ತಿತ್ತು. "ಆ ದಿನ ನಮ್ಮಲ್ಲಿ 64 ಮಿಲಿಮೀಟರ್ ಮಳೆ" ಅಂದಳು. ಯಾರೂ ಮಿಸುಕಲಿಲ್ಲ. ಹಿಂದಿನ ಸಾಲಿನ ಅಜ್ಜ ಒಬ್ಬರು, "ಅದು ಎಷ್ಟು ಇಂಚಮ್ಮ?" ಅಂತ ಕೇಳಿದರು. ಅವಳು ನನ್ನ ಮುಖ ನೋಡಿದಳು. ಬೋರ್ಡಿನ ಮೇಲೆ ಭಾಗಿಸಿ ತೋರಿಸಿದೆ. ಎರಡು ಇಂಚು ಐವತ್ತೆರಡು ಸೆಂಟು (ಇಂಚಿನ ನೂರನೇ ಒಂದು ಭಾಗ ಇಲ್ಲಿ ಒಂದು ಸೆಂಟು). ಅಜ್ಜ ಜೇಬಿನಿಂದ ಸಣ್ಣ ಡೈರಿ ತೆಗೆದು, ಕನ್ನಡಕ ಏರಿಸಿ, ಬೆರಳು ಓಡಿಸಿದರು. "ನನ್ನಲ್ಲಿ ಅವತ್ತು ಮೂರು ಇಂಚು ಹತ್ತು ಸೆಂಟು. ನಿಮ್ಮ ಮನೆ ಗುಡ್ಡದ ಆಚೆ ಬದಿ ಅಲ್ವಾ?"

ಅಷ್ಟೇ. ಮುಂದೆ ಒಂದು ಗಂಟೆ ನಾನು ಬಾಯಿ ತೆರೆಯಬೇಕಾಗಲಿಲ್ಲ. ಇಲ್ಲಿ ತೋಟ ಇರುವವರ ಮನೆಯಲ್ಲಿ ಮಳೆಮಾಪಕ ಇರುತ್ತದೆ, ಅಪ್ಪ ಬರೆದದ್ದು, ಅಜ್ಜ ಬರೆದದ್ದು ಇರುತ್ತದೆ. ನಾವು ಅವರಿಗೆ ಮಳೆಯ ಪಾಠ ಹೇಳಲು ಹೊರಟಿದ್ದೆವು, ಅದೂ ಮಿಲಿಮೀಟರಿನಲ್ಲಿ! ಅಂದಿನಿಂದ ದಾಖಲೆ ಮಿ.ಮೀ.ನಲ್ಲಿ, ಮಾತು ಇಂಚು ಸೆಂಟಿನಲ್ಲಿ.

ಈಗಿನ ಪದ್ಧತಿ ಸರಳ. ಬೆಳಿಗ್ಗೆ ಹನ್ನೊಂದಕ್ಕೆ ಶುರು, ಬಸ್ಸಿನ ಚಿಂತೆ ಇಲ್ಲ. ಮೊದಲು ಇಬ್ಬರು ವಿದ್ಯಾರ್ಥಿಗಳು ತಾವು ಅಳೆದದ್ದನ್ನು ಹೇಳುತ್ತಾರೆ. ಅತಿಥಿಗೆ ಆ ಅಂಕಿಗಳನ್ನು ವಾರ ಮೊದಲೇ ಕಳಿಸುತ್ತೇವೆ, ಅದರ ಮೇಲೆ ಮಾತ್ರ ಇಪ್ಪತ್ತು ನಿಮಿಷ ಮಾತು. ಸ್ಲೈಡ್ ಬೇಡ. ಇದಕ್ಕೆ ಒಪ್ಪದೆ ಇಬ್ಬರು ಬರಲಿಲ್ಲ, ಬೇಸರವೂ ಇಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇಟ್ಟುಕೊಂಡು ಮೈಸೂರಿಗೆ ಟ್ಯಾಕ್ಸಿ ಕಳಿಸುತ್ತಿದ್ದೆವಲ್ಲ! ಈಗ ಖರ್ಚು ಊಟ ಸೇರಿ ಸಾವಿರದೈನೂರು ದಾಟುವುದಿಲ್ಲ.

2020ರಲ್ಲಿ ಕಾಲೇಜು ಮುಚ್ಚಿತ್ತು. ಕೆಲಸ ನಿಂತೇ ಹೋಯಿತು ಅಂದುಕೊಂಡೆ. ಆದರೆ ನಮಗೆ ಸಿಕ್ಕ ಅತ್ಯಂತ ಒಳ್ಳೆಯ ದಾಖಲೆ ಆ ವರ್ಷದ್ದೇ, ಮಕ್ಕಳೆಲ್ಲ ಮನೆಯಲ್ಲೇ ಇದ್ದರಲ್ಲ. ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದ ವಾರ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ವಾಟ್ಸಾಪಿಗೆ ಒಂದೂ ಬರಲಿಲ್ಲ. ಹತ್ತು ದಿನ ಬಿಟ್ಟು ಒಬ್ಬಳು ಹಾಳೆಯ ಫೋಟೋ ಕಳಿಸಿದಳು. ಒಂದು ದಿನವೂ ಬಿಟ್ಟಿರಲಿಲ್ಲ. ಇಂಕು ಮಾತ್ರ ಒದ್ದೆಗೆ ಹರಡಿತ್ತು.

ನಡುವೆ ಅಡ್ಡದಾರಿಗಳೂ ಉಂಟು. ಒಂದು ಫೆಬ್ರವರಿಯಲ್ಲಿ ಜಿಲ್ಲೆಗೇ ಹನಿ ಇಲ್ಲ, ಒಬ್ಬನ ಬಾಟ್ಲಿಯಲ್ಲಿ ಮಾತ್ರ ಒಂದು ಇಂಚು! ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಹೋಗಿ ನೋಡಿದರೆ ಪಕ್ಕದ ತೋಟದವರು ರೊಬಸ್ಟಾ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದ್ದರು. ನಗು ಬಂದರೂ ಅದೇ ಪ್ರಾಜೆಕ್ಟ್ ಆಯಿತು. ಸ್ಪ್ರಿಂಕ್ಲರ್ ನೀರು ತೋಟದ ಯಾವ ಮೂಲೆಗೆ ಎಷ್ಟು ಬೀಳುತ್ತದೆ ಅಂತ ಹತ್ತು ಬಾಟ್ಲಿ ಇಟ್ಟು ಅಳೆದ. ಒಂದು ಮೂಲೆಗೆ ಅರ್ಧವೂ ತಲುಪುತ್ತಿರಲಿಲ್ಲ. ಆ ತೋಟದವರು ಸ್ಪ್ರಿಂಕ್ಲರ್ ಜೆಟ್‌ನ ಜಾಗ ಬದಲಿಸಿ, ನಮಗೆ ಒಂದು ಚೀಲ ಕಿತ್ತಳೆ ಕಳಿಸಿದರು.

ಇನ್ನೊಬ್ಬಳು ಮರದ ಅಡಿಯಲ್ಲೂ ಬಯಲಲ್ಲೂ ಬಾಟ್ಲಿ ಇಟ್ಟಳು. ಅಡಿಯಲ್ಲಿ ಕಮ್ಮಿ ಇರುತ್ತದೆ ಅಂದುಕೊಂಡಿದ್ದೆವು. ಕೆಲವು ದಿನ ಅಲ್ಲೇ ಜಾಸ್ತಿ! ಕೊಂಬೆಯ ನೀರೆಲ್ಲ ಒಂದೇ ಕಡೆ ತೊಟ್ಟಿಕ್ಕುವ ಜಾಗಕ್ಕೆ ಸರಿಯಾಗಿ ಇಟ್ಟಿದ್ದಳು. ಮದ್ದುಸೊಪ್ಪಿನ ರಸದಿಂದ ಲಿಟ್ಮಸ್ ಮಾಡುತ್ತೇವೆ ಅಂತ ಮೂವರು ಹೊರಟದ್ದು ಮಾತ್ರ ಪೂರ್ತಿ ಹಾಳಾಯಿತು. ಕಕ್ಕಡ ಹದಿನೆಂಟಕ್ಕೆ (ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅವತ್ತು ಈ ಔಷಧಿ ಸೊಪ್ಪಿನ ಅಡುಗೆ ಮಾಡುತ್ತಾರೆ) ಬೇಯಿಸಿದ ರಸವನ್ನು ಸ್ಟಾಫ್ ರೂಮಿನಲ್ಲಿ ಮರೆತರು. ಸೋಮವಾರ ಬಾಗಿಲು ತೆರೆದವಳು ನಾನು. ಆ ವಾಸನೆ ಬೇಡ.

ಆ ಅಜ್ಜ ಈ ಸಲ ಬರುವಾಗ ರಟ್ಟಿನ ಡಬ್ಬಿ ತಂದಿದ್ದರು. ಒಳಗೆ ಅವರ ತಂದೆಯ ಕಾಲದಿಂದ ಬರೆದ ಮಳೆ ಪುಸ್ತಕಗಳು, ಕೆಲವು ಹಾಳೆ ತೇವಕ್ಕೆ ಅಂಟಿಕೊಂಡಿವೆ. "ಹುತ್ತರಿಗೆ ಮುಂಚೆ ವಾಪಸ್ ಕೊಡಬೇಕು ಮೇಡಂ" ಅಂದಿದ್ದಾರೆ. ಹುತ್ತರಿ ಅಂದ್ರೆ ನಮ್ಮ ಸುಗ್ಗಿ ಹಬ್ಬ. ನಾಲ್ಕು ಮಕ್ಕಳು ದಿನಾ ಊಟದ ಬಿಡುವಿನಲ್ಲಿ ಕೂತು ಕಂಪ್ಯೂಟರಿಗೆ ಹಾಕುತ್ತಿದ್ದಾರೆ. ಹಿಂದಿನಿಂದ ಶುರು ಮಾಡಿ ನಿನ್ನೆಗೆ 1987ಕ್ಕೆ ತಲುಪಿದ್ದಾರೆ.